ಹೊಟ್ಟೆತಗಡು

ಶೆಡ್ಡಿನ ಬಾಗಿಲು ತೆರೆದ ಕೂಡಲೇ ಸೊಸೆಯ ಕಣ್ಣಿಗೆ ಬಿದ್ದದ್ದು ಜೀಪಿನ ಅಡಿಯ ಎಣ್ಣೆಯ ಕಲೆ. ಬೇರೆಯವರಾದರೆ ನೋಡಿಯೂ ದಾಟಿ ಹೋಗುತ್ತಿದ್ದರು. ಅವಳು ಔಷಧಿ ಅಂಗಡಿಯವಳು. ಸೀಸೆಯ ಮೇಲಿನ ಚೀಟಿಯನ್ನು ಎರಡೆರಡು ಸಲ ಓದುವವಳು, ಆರಿಸಿದ ಒಲೆಯನ್ನು ಮತ್ತೆ ಎದ್ದು ಹೋಗಿ ನೋಡುವವಳು. ಹಗ್ಗಕ್ಕೂ ಹಾವಿನ ಮರ್ಯಾದೆ ಕೊಡುತ್ತಾಳೆ ಎಂದು ಗಂಡ ರೇಗಿಸುವುದಿತ್ತು.

"ಅತ್ತೆ, ಎಣ್ಣೆ ಸೋರಿದೆ."

ಅತ್ತೆ ಲೋಟ ಹಿಡಿದುಕೊಂಡೇ ಬಂದು, ನೋಡಿ, ಲೋಟವನ್ನು ಕೆಳಗಿಟ್ಟರು. ಅದನ್ನು ಕಂಡು ಸೊಸೆಗೆ ಇನ್ನೂ ಭಯವಾಯಿತು.

ಜೀಪು ಅತ್ತೆಯದು. ಬೆಟ್ಟದ ತುದಿಯ ಹವಾಮಾನ ಕೇಂದ್ರಕ್ಕೆ ವಾರಕ್ಕೊಮ್ಮೆ ದಿನಸಿ, ಗ್ಯಾಸು, ಔಷಧಿ ಹೊತ್ತೊಯ್ಯುವುದು ಅವರ ಕೆಲಸ. ರಸ್ತೆ ಎಂಬುದಿಲ್ಲ, ಒಣಗಿದ ಹೊಳೆಯ ಪಾತ್ರವೇ ದಾರಿ. ಕೇಂದ್ರದವರು ಅವರನ್ನು ಡ್ರೈವರಮ್ಮ ಎನ್ನುತ್ತಾರೆ. ನಿನ್ನೆ ಇಳಿಯುವಾಗ ಒಂದು ಬಂಡೆ ಜೀಪಿನ ಹೊಟ್ಟೆಗೆ ಬಡಿದಿತ್ತು. "ಢಂ ಅಂತು, ಅಷ್ಟೇ," ಎಂದು ಅತ್ತೆ ಊಟದ ಹೊತ್ತಿನಲ್ಲಿ ಹೇಳಿದ್ದೇ ತಡ, ಮಗ ಕೈತೊಳೆದು ಎದ್ದ. ಮಾತಿಗೆ ಮಾತು ಬೆಳೆದು ಕೊನೆಗೆ ಒಂದು ಒಪ್ಪಂದವಾಯಿತು: ಇಂಜಿನ್ನಿನ ಅಡಿಯಲ್ಲಿ ಎಣ್ಣೆ ತುಂಬಿರುವ ಚೇಂಬರಿಗೆ ಏಟು ತಾಗಿದ್ದರೆ ಕೀಲಿ ಮಗನ ಕೈಗೆ, ಅತ್ತೆ ಇನ್ನು ಬೆಟ್ಟ ಹತ್ತುವಂತಿಲ್ಲ. ಈ ಓಡಾಟ ಸಾಕು ಎಂಬ ಮಾತನ್ನು ಮೊದಲು ಮನೆಯೊಳಗೆ ತಂದವಳು ಸೊಸೆಯೇ. ಅತ್ತೆ ಬೆಟ್ಟಕ್ಕೆ ಹೋದ ದಿನ ಅವಳಿಗೆ ಊಟ ಸೇರುತ್ತಿರಲಿಲ್ಲ.

ಚೇಂಬರು ಕಾಣಬೇಕಾದರೆ ಅದಕ್ಕೆ ಅಡ್ಡವಿರುವ ದಪ್ಪ ಕಬ್ಬಿಣದ ಸ್ಕಿಡ್ ಪ್ಲೇಟು ಬಿಚ್ಚಬೇಕು. ಮನೆಯಲ್ಲಿ ಅದಕ್ಕೆ ಹೊಟ್ಟೆತಗಡು ಎಂದೇ ಹೆಸರು. ಅತ್ತೆಯ ಭುಜ ಈಚೆಗೆ ಬಿಗಿದುಕೊಂಡಿತ್ತು; ಸ್ಟೀರಿಂಗ್ ತಿರುಗಿಸುವುದಕ್ಕೆ ಅಡ್ಡಿಯಿಲ್ಲ, ಮಲಗಿ ಕೈ ಮೇಲೆತ್ತಲು ಮಾತ್ರ ಆಗದು.

"ಕೆಳಗೆ ಹೋಗೋಳು ನೀನೇ," ಎಂದರು.

"ನಾನಾ?"

"ಮತ್ತೆ, ಪಕ್ಕದ್ಮನೆ ಬೆಕ್ಕಾ?"

ಜಾಕ್ ಹಾಕಿ ಎತ್ತಿ, ಸ್ಟ್ಯಾಂಡ್ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟದ್ದಾಯಿತು. ಸೊಸೆ ಒಂದೊಂದು ಸ್ಟ್ಯಾಂಡನ್ನೂ ಅಲ್ಲಾಡಿಸಿ ನೋಡಿದಳು. ಮತ್ತೊಮ್ಮೆ ನೋಡಿದಳು.

"ಸಾಕು ಮಾರಾಯ್ತಿ, ಅದಕ್ಕೇ ಬೇಜಾರಾಗತ್ತೆ," ಎಂದರು ಅತ್ತೆ. "ಹಿಂದಿನ ಬೋಲ್ಟು ಮೊದಲು ಬಿಚ್ಚು. ಮುಂದಿನವು ಕೊನೇಗೆ. ಬಾಯಿ ಮುಚ್ಕೋ, ಮಣ್ಣು ಬೀಳತ್ತೆ."

ಬೋಲ್ಟುಗಳು ಜಪ್ಪಯ್ಯ ಅಂದರೂ ಅಲುಗಲಿಲ್ಲ. ಅತ್ತೆ ಸ್ಪ್ಯಾನರಿಗೆ ಉದ್ದದ ಕೊಳವೆ ತೊಡಿಸಿ ಕೊಟ್ಟ ಮೇಲೆ ಕೀರಲು ದನಿಯಲ್ಲಿ ಒಂದೊಂದೇ ಸಡಿಲವಾದವು. ಅಡಿಯಲ್ಲಿ ಹಲಗೆಯಿಟ್ಟ ಸಣ್ಣ ಜಾಕಿನ ಮೇಲೆ ತಗಡು ಮೆಲ್ಲನೆ ಇಳಿಯಿತು. ಅವಳು ಅದನ್ನು ಬದಿಗೆಳೆದು, ಟಾರ್ಚು ಹಚ್ಚಿದಳು.

ತಗಡಿನ ಒಳಮೈಯಲ್ಲಿ ಹೊಳೆಯೇ ಬಂದು ಮಲಗಿತ್ತು. ಹಿಟ್ಟಿನಷ್ಟು ನಯವಾದ ಮೆಕ್ಕಲು, ಅದರ ಮೇಲೆ ಸಣ್ಣ ಬಿಳಿಗಲ್ಲುಗಳು, ಯಾವುದೋ ಬೀಜದ ಸಿಪ್ಪೆ, ನೀಲಿ ಅಂಚಿನ ಒಂದು ಪುಕ್ಕ. ಮೂಲೆಯಲ್ಲಿ ಮಣ್ಣು ಎಣ್ಣೆ ಕುಡಿದು ಕಪ್ಪಾಗಿತ್ತು. ನಡುವೆ, ಬಂಡೆ ಹೊಡೆದ ಕಡೆ, ಆ ದಪ್ಪ ಕಬ್ಬಿಣ ಒಂದು ಗುಡ್ಡದಂತೆ ಒಳಕ್ಕೆ ಎದ್ದಿತ್ತು. ಹಿಂದೆ ಬಿದ್ದ ಏಟುಗಳ ಗುರುತುಗಳು ಅದರ ಸುತ್ತ ಒಂದರ ಮೇಲೊಂದು. ಇಷ್ಟು ಸಲ ಪೆಟ್ಟು ತಿಂದು ಬಂದು, ಈ ಹೆಂಗಸು ಮನೆಯಲ್ಲಿ ಬರೀ "ಢಂ ಅಂತು" ಎಂದಿದ್ದರು.

ಅವಳು ಟಾರ್ಚನ್ನು ಮೇಲೆತ್ತಿದಳು. ಚೇಂಬರಿನ ಮೈತುಂಬ ಧೂಳು. ಆ ಧೂಳಿನಲ್ಲಿ ಒಂದೇ ಒಂದು ಕಡೆ, ಅಂಗಿಯ ಗುಂಡಿಯಷ್ಟು ಅಗಲಕ್ಕೆ, ಲೋಹ ಫಳಫಳ ಹೊಳೆಯುತ್ತಿತ್ತು. ತಗಡಿನ ಗುಡ್ಡದ ನೆತ್ತಿ ಅಲ್ಲಿಯವರೆಗೆ ಬಂದು ಧೂಳನ್ನಷ್ಟೇ ಒರೆಸಿ ನಿಂತಿತ್ತು. ಅವಳು ಉಗುರಿನಿಂದ ಸವರಿದಳು. ಗೀರಿಲ್ಲ. ತಗ್ಗಿಲ್ಲ. ಅಷ್ಟು ದೊಡ್ಡ ಬಂಡೆ, ಅಷ್ಟು ಭಾರದ ಜೀಪು, ಆ ಇಳಿಜಾರು, ಎಲ್ಲವೂ ಸೇರಿ ನುಗ್ಗಿ ಬಂದು ಇಲ್ಲಿ, ಧೂಳಿನ ಪದರಕ್ಕೆ ಬಂದು ನಿಂತಿವೆ. ಮಾತಾಡಿದರೆ ಏನೋ ಕದಡೀತು ಎನ್ನಿಸಿ ಹಾಗೇ ಮಲಗಿದ್ದಳು.

"ಜೀವ ಇದೆಯಾ?" ಹೊರಗಿನಿಂದ ಅತ್ತೆಯ ದನಿ. "ಏನ್ ಕಾಣತ್ತೆ ಹೇಳು."

ಅವಳು ಏನು ಹೇಳುತ್ತಾಳೋ ಅದೇ ತೀರ್ಪು. ಏಟು ಬಿದ್ದಿದೆ ಎಂದುಬಿಟ್ಟರೆ ನಾಳೆಯಿಂದ ಅವಳಿಗೆ ನೆಮ್ಮದಿಯ ಊಟ.

"ತಾಗಿದೆ ಅತ್ತೆ," ಎಂದಳು ಸೊಸೆ. ಹೊರಗೆ ಅತ್ತೆಯ ಜೇಬಿನಲ್ಲಿ ಕೀಲಿ ಕಿಣಿ ಎಂದಿತು. "ತಾಗಿದೆ, ಆದ್ರೆ ಏನೂ ಆಗಿಲ್ಲ. ಧೂಳು ಮಾತ್ರ ಹೋಗಿದೆ."

"ಮತ್ತೆ ಎಣ್ಣೆ?"

"ತಗಡಿನ ಮೂಲೇಲಿ ನಿಂತಿದೆ."

ಅತ್ತೆ ಹಣೆ ಚಚ್ಚಿಕೊಂಡರು. "ನನ್ನ ಸೋಮಾರಿತನ! ಮೊನ್ನೆ ಫಿಲ್ಟರ್ ಬದಲಾಯಿಸುವಾಗ ತಗಡು ಯಾರು ಬಿಚ್ತಾರೆ ಅಂತ ಹಾಗೇ ಮೇಲಿಂದ ಕೈ ಹಾಕಿದ್ದೆ. ಚೆಲ್ಲಿದ್ದೆಲ್ಲ ಅದ್ರಲ್ಲೇ ಕೂತಿರತ್ತೆ. ಆದ್ರೂ ಒರೆಸಿ ನೋಡೋಣ."

ಸೊಸೆ ಆ ಹೊಳಪಿನ ಸುತ್ತಲ ಧೂಳನ್ನಷ್ಟು ಬಿಟ್ಟು, ಉಳಿದ ಚೇಂಬರನ್ನು ಬಿಳಿ ಬಟ್ಟೆಯಿಂದ ಒರೆಸಿದಳು. ಸೊಸೆ ಈಚೆ ಬಂದು, ಕೋಲಿಗೆ ಕಟ್ಟಿದ ಕನ್ನಡಿಯನ್ನು ಅಡಿಗೆ ಚಾಚಿದಳು. ಅತ್ತೆ ಇಂಜಿನ್ ಚಾಲೂ ಮಾಡಿದರು. ನೆಲ ನಡುಗಿತು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವುದು ಅವಳಿಗೆ ಹುಟ್ಟುಗುಣ. ಇವತ್ತು ಅದಕ್ಕೂ ಕೆಲಸ ಸಿಕ್ಕಿತ್ತು. ಇಂಜಿನ್ ಬಿಸಿಯಾಯಿತು. ಹನಿ ಮೂಡಲಿಲ್ಲ.

ಊಟಕ್ಕೆ ಬಂದ ಗಂಡ ಶೆಡ್ಡಿನ ಬಾಗಿಲಲ್ಲಿ ನಿಂತ. "ತಾಗಿದೆಯಾ?"

"ತಾಗಿದೆ," ಎಂದರು ಅತ್ತೆ. ಸುಳ್ಳು ಅವರ ಬಾಯಲ್ಲಿ ಬರುವುದಿಲ್ಲ. ಜೇಬಿನಿಂದ ಕೀಲಿ ತೆಗೆದು ಚಾಚಿದರು.

"ಇರಿ," ಎಂದಳು ಸೊಸೆ. "ರೀ, ಅಂಗಿ ಕೊಳೆಯಾದ್ರೆ ಆಗ್ಲಿ. ಮೊದಲು ಕೆಳಗೆ ಹೋಗಿ ನೋಡಿ ಬನ್ನಿ."

"ನೀನೇ ತಾನೆ ಸಾಕು ಸಾಕು ಅಂತಿದ್ದೋಳು?"

"ನಾನೇ. ಬನ್ನಿ."

ಅವನು ಗೊಣಗುತ್ತಲೇ ಮಲಗಿದ. ಟಾರ್ಚಿನ ಬೆಳಕು ಅತ್ತಿತ್ತ ಓಡಾಡಿ ಒಂದು ಕಡೆ ನಿಂತಿತು. ಗೊಣಗಾಟವೂ ನಿಂತಿತು. ಅಡಿಯಿಂದ ಸಣ್ಣ ದನಿ ಬಂತು: "ಅಮ್ಮಾ... ತಗಡು ತಡೆದಿದೆ."

"ಅದಕ್ಕೇ ಕಣೋ ಅದನ್ನ ಹಾಕಿರೋದು," ಎಂದರು ಅತ್ತೆ.

ಹೊರಬಂದವನ ಕೂದಲಲ್ಲಿ ಹೊಳೆಯ ಮಣ್ಣಿತ್ತು. ಕೀಲಿಯ ಕಡೆ ನೋಡಲೂ ಇಲ್ಲ, ಸುತ್ತಿಗೆ ಎಲ್ಲಿ ಎಂದು ಕೇಳಿದ.

ತಗಡನ್ನು ತೊಳೆದು, ಗುಡ್ಡ ಮೇಲಾಗುವಂತೆ ಹಾಕಿ, ಬೀದಿಗೆಲ್ಲ ಕೇಳುವಂತೆ ಬಡಿದು ತಕ್ಕಮಟ್ಟಿಗೆ ಸರಿಮಾಡಿದರು. ಜಾಕಿನ ಮೇಲಿಟ್ಟು ಎತ್ತಿದರು. ಸೊಸೆ ಮುಂದಿನ ಮೊದಲ ಬೋಲ್ಟು ತೂರಿಸಿದವಳೇ, ಬಿದ್ದುಬಿಟ್ಟೀತೆಂದು ಶಕ್ತಿಯೆಲ್ಲ ಹಾಕಿ ಬಿಗಿದಳು. ಆಮೇಲೆ ನೋಡಿದರೆ ಉಳಿದ ಯಾವ ತೂತೂ ಹೊಂದುತ್ತಿಲ್ಲ.

"ಬಿಗಿದೆಯಾ?" ಅತ್ತೆ ನಕ್ಕರು. "ಗೊತ್ತಿತ್ತು. ಒಂದನ್ನೇ ಬಿಗಿದ್ರೆ ಉಳಿದವು ಮುನಿಸ್ಕೊಳ್ತವೆ. ಸಡಿಲ ಬಿಡು. ಎಲ್ಲಾ ಬೋಲ್ಟೂ ಕೈಯಲ್ಲೇ ಹಿಡೀಲಿ, ಆಮೇಲೆ ಸ್ಪ್ಯಾನರ್."

ಅರ್ಧ ಬಿಗಿದದ್ದನ್ನು ಹಾಗೇ ಬಿಟ್ಟು ಮುಂದಿನದಕ್ಕೆ ಹೋಗುವುದು ಅವಳಿಗೆ ಪ್ರಾಣಸಂಕಟ. ಆದರೂ ಬಿಟ್ಟಳು. ತಗಡು ಜೋಲಾಡುತ್ತಲೇ ಒಂದೊಂದು ತೂತಿಗೂ ಒಲಿದು ಬಂತು.

ಮುಂದಿನ ವಾರದ ಸರದಿ ಬಂದ ಬೆಳಿಗ್ಗೆ ಅತ್ತೆ ಹೊರಟರು. ಜೀಪು ಬೀದಿಯ ಉಬ್ಬನ್ನು ಹತ್ತಿ ಇಳಿಯುವಾಗ ಸೊಸೆ ಮೊಣಕಾಲೂರಿ, ಕೆನ್ನೆಯನ್ನು ನೆಲಕ್ಕೆ ತಾಗಿಸುವಂತೆ ಬಗ್ಗಿ ನೋಡಿದಳು. ಎದುರುಮನೆಯ ಟೈಲರ್ ಮಿಷನ್ ನಿಲ್ಲಿಸಿ ಇಣುಕಿದ.

"ಏನಾದ್ರೂ ಬಿತ್ತೇನಮ್ಮಾ?"

"ಇಲ್ಲ."

"ಮತ್ತೇನ್ ನೋಡ್ತಿದೀರಿ?"

"ಹೊಟ್ಟೆತಗಡು," ಎಂದಳು. ಹಳೆಯ ಭಯ ಹೋಗಿರಲಿಲ್ಲ. ಆದರೂ ಅವಳು ಕಣ್ಣು ಕೀಳಲಿಲ್ಲ. ದೂರದ ತಿರುವಿನಲ್ಲಿ ಜೀಪಿನ ಹೊಟ್ಟೆಯ ನೆರಳು ಒಮ್ಮೆ ಕಂಡು, ಮರೆಯಾಯಿತು.