ಕದಲಿಸಿದ ಕಂಪ್ಯೂಟರ್

ನನ್ನ ವಾರಗಿತ್ತಿ ದೀಪಿಕಾ ಕುಮಟೆಯಿಂದ ಮದುವೆಯಾಗಿ ಹೊನ್ನಾವರದ ಬದಿಯ ಕಾಸರಕೋಡಿನ ನಮ್ಮ ಮನೆಗೆ ಬರುವಾಗ ತವರಿಂದ ಕಂಪ್ಯೂಟರ್ ತಂದಳು. ನಾನು ಬರುವಾಗ ತಂದದ್ದು ಹಿತ್ತಾಳೆ ಕೊಡಪಾನ ಮತ್ತು ಒಂದು ಟ್ರಂಕು. ಅದನ್ನು ನೋಡಲು ಯಾವ ಪಿಳ್ಳೆಯೂ ಬರಲಿಲ್ಲ. ಅವಳ ಕಂಪ್ಯೂಟರ್ ನೋಡಲು ಹೊಳೆಯಾಚೆಯ ಮಾವಿನಕುರ್ವೆಯಿಂದ ದೋಣಿ ಮಾಡಿಕೊಂಡು ಬಂದರು! ಹೊಟ್ಟೆಯುರಿ ಅಂತೀರಾ? ಹೌದು, ಉರಿಯೇ. ಸುಳ್ಳು ಹೇಳಿ ನನಗೆಂತ ಆಗಬೇಕು?

ಕಂಪ್ಯೂಟರ್ ಇಟ್ಟುಕೊಳ್ಳಲಿ, ಬೇಕಾದರೆ ತಲೆಯ ಮೇಲೆ ಹೊತ್ತು ತಿರುಗಲಿ. ಆದರೆ ಅದರ ಹಿಂದೆ ನನ್ನ ಮಗಳೂ ಹೋದಳಲ್ಲ, ಅದು ನನ್ನ ತಕರಾರು. ನಮ್ಮದು ಒಂದೇ ಹಂಚಿನ ಮಾಡು, ಎರಡು ಸಂಸಾರ. ಗೋಡೆಯ ಆಚೆ ಮೈದುನ ಸುಧಾಕರ ಮತ್ತು ಅವಳು. ಈಚೆ ನಾನು, ನನ್ನ ಗಂಡ ಶಿವ, ಮಗಳು ಚಂದನಾ. ಹೊನ್ನಾವರದ ಕಾಲೇಜಿನಿಂದ ಬಂದವಳೇ ಚಂದನಾ ಚೀಲವನ್ನು ಈಚೆ ಎಸೆದು ತಾನು ಆಚೆ ಹೋಗುವಳು. ನಾನು ಹೊಳೆಯ ಸೊಂಟಮಟ್ಟ ನೀರಿನಲ್ಲಿ ನಿಂತು ಬಳಚು ಚಿಪ್ಪುಮೀನು ಬಗೆದು, ಚಿಪ್ಪು ಬಿಡಿಸಿ ಸುಕ್ಕ ಮಾಡಿಟ್ಟರೆ, "ಚಿಕ್ಕಿ ಮನೇಲಿ ಉಂಡೆ ಅವ್ವಿ" ಅನ್ನುವಳು. ಆ ಸುಕ್ಕವನ್ನು ನಾನೊಬ್ಬಳೇ ಕೂತು ತಿನ್ನಬೇಕಿತ್ತು.

2007ರಲ್ಲಿ, ದಸರಾ ಮುಗಿದ ಮೇಲೆ, ದೀಪಿಕಾಳಿಗೆ ಹೊಸ ಕಂಪ್ಯೂಟರ್ ಬಂತು. ರೊಟ್ಟಿಯಷ್ಟು ತೆಳ್ಳಗಿನ ಪರದೆಯದ್ದು. ಹಳೆಯದು ಜಗಲಿಗೆ ಬಂದು ಕೂತಿತು. ನೋಡಿದ್ದೇ ನನ್ನ ಎದೆ ಹಗುರಾಯಿತು. ಅದೊಂದು ನನ್ನ ಬದಿಗೆ ಬಂದರೆ ಮಗಳೂ ನನ್ನ ಬದಿಗೆ ಬಂದ ಹಾಗೆ. ಆದರೆ ಬಾಯಿಬಿಟ್ಟು ಕೇಳುವ ಜಾತಿ ನನ್ನದಲ್ಲ.

"ಜಗಲೀಲಿ ಜಾಗ ಹಿಡ್ಕಂಡು ಕೂತಿದ್ಯಲೆ ಅದು, ನಮ್ಮ ಬದಿಗೆ ಇಡೂದಾದ್ರೆ ಇಡು" ಅಂದೆ. ನನ್ನ ಪಾಲಿಗೆ ಅದು ಕಾಲು ಹಿಡಿದಷ್ಟೇ ಆಯಿತು.

"ಬೇಡ ಮಂಜಕ್ಕ, ಅದು ಪೂರಾ ಕೆಟ್ಟೋಯ್ತು" ಅಂದಳು ದೀಪಿಕಾ. "ಆ ಪರದೆಯ ಗಾಜಿನ ಡಬ್ಬಿಲಿ ಸೀಸ ಇರ್ತದೆ. ಗುಜರಿಗೆ ಕೊಟ್ರೆ ಒಡೆದು, ವೈರ್ ಸುಟ್ಟು, ಉಳಿದದ್ದು ಎಲ್ಲೋ ಎಸೀತಾರೆ. ಕುಮ್ಟೆಲಿ ಕಂಪ್ಯೂಟರ್ ಕ್ಲಾಸಿನವರು ಹಳೇದೆಲ್ಲ ಒಟ್ಟು ಮಾಡಿ, ಸರಿಯಾಗಿ ಬಿಚ್ಚುವವರ ಹತ್ರ ಕಳಿಸ್ತಾರಂತೆ. ಅಲ್ಲಿಗೇ ಕೊಡ್ತೆ."

ಅಯ್ಯೋ, ಎಂಥಾ ನಯ! ದಸರೆಯವರೆಗೆ ಸರಿಯಿದ್ದದ್ದು ನಾನು ಕೇಳಿದ ದಿನವೇ ಕೆಟ್ಟಿತೇ? ಕುಮಟೆಗೆ ಹೋಗಬಹುದಂತೆ, ಗೋಡೆ ದಾಟಿ ನನ್ನ ಮನೆಗೆ ಬರಬಾರದಂತೆ. ಮಗಳನ್ನು ಬಿಟ್ಟುಕೊಡುವ ಮನಸ್ಸಿಲ್ಲ, ಅದಕ್ಕೆ ಸೀಸದ ನೆವ. ನನಗೆ ಸಿಗದ್ದು ಅವಳ ಕೈಯಿಂದ ಕುಮಟೆಗೂ ಹೋಗಬಾರದು ಅನಿಸಿತು.

ಸೀದಾ ಅತ್ತೆ ದುರ್ಗಮ್ಮನ ಹತ್ತಿರ ಹೋದೆ. ಅತ್ತೆ ದೇವರ ವಿಷಯದಲ್ಲಿ ಬಲು ಕಟ್ಟುನಿಟ್ಟು. "ವರ್ಷಾ ವರ್ಷಾ ಆಯುಧಪೂಜೆಲಿ ಬಲೆ, ಎಂಜಿನ್ನಿನ ಸಂಗ್ತಿಗೆ ಅದಕ್ಕೂ ಕುಂಕುಮ ಹಚ್ಚಿ ಕಾಯಿ ಒಡೆದಿದ್ದೇವೆ. ಈಗ ಅದನ್ನ ಯಾರ್ಯಾರೋ ಸುತ್ತಿಗೇಲಿ ಕುಟ್ಟೂಕೆ ಕೊಡ್ತಾಳಂತೆ" ಅಂದೆ.

ಅತ್ತೆಗೆ ಅಷ್ಟೇ ಸಾಕಾಯಿತು. "ಪೂಜೆ ಮಾಡಿದ್ದನ್ನ ಕುಟ್ಟೂದಾ? ಶಿವಾ ಶಿವಾ! ಇಳಿತದ ಹೊತ್ತಿಗೆ ಹೊಳೆಗೆ ಬಿಡಿ, ಗಣಪತಿ ಬಿಟ್ಟ ಹಾಂಗೆ" ಅಂದರು. ಅತ್ತೆ ಆಡಿದ ಮಾತನ್ನು ನಮ್ಮಲ್ಲಿ ಯಾರೂ ಮೀರುವುದಿಲ್ಲ. ದೀಪಿಕಾ ಎಷ್ಟೋ ಬೇಡಿಕೊಂಡಳು. ನಾನು ಒಳಗೆ ಹೋಗಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕೆ.

ಸಂಜೆ ಶರಾವತಿಯ ದಂಡೆಗೆ ನಮ್ಮ ಮೆರವಣಿಗೆ ಹೊರಟಿತು. ಮಣೆಯ ಮೇಲೆ ಗಾಜಿನ ಡಬ್ಬಿ, ಅದರ ನೆತ್ತಿಗೆ ಕೆಂಪು ದಾಸವಾಳ. ಒಣಮೀನು ಒಟ್ಟುಮಾಡುತ್ತಿದ್ದವರೆಲ್ಲ ಎದ್ದು ನಿಂತು ನೋಡಿದರು. "ಇದೆಂತ ದೇವ್ರೇ ಮಂಜಿ?" ಅಂತ ಅವರಲ್ಲೊಬ್ಬಳು, ಮಾದಿ, ಕೂಗಿದಳು. ಶಿವ ದೋಣಿ ಬಿಚ್ಚುತ್ತ, "ನಾಳೆ ಇದು ಬಲೆಗೆ ಸಿಕ್ಕಿ ಬಲೆ ಹರಿದ್ರೆ ಯಾರು ಹೊಲೀತಾರೆ?" ಅಂತ ಗೊಣಗುತ್ತಿದ್ದ. ದೀಪಿಕಾ ದೂರದಲ್ಲಿ ನಿಂತಿದ್ದಳು.

ಅಷ್ಟರಲ್ಲಿ ಚಂದನಾ ಕಾಲೇಜು ಚೀಲದ ಸಮೇತ ಓಡಿ ಬಂದು ದೋಣಿಯ ಮೂತಿಗೆ ಅಡ್ಡ ನಿಂತಳು.

"ಅವ್ವಿ, ನಿಂಗೆ ತಲೆ ಸರಿ ಇದ್ಯಾ? ಅದರಲ್ಲಿ ಸೀಸ ಇದೆ!"

"ನಿನ್ನ ಅಪ್ಪನ ಬಲೆ ತುಂಬ ಸೀಸದ ಗುಂಡೇ ಇದೆ. ಯಾರು ಸತ್ತಿದ್ದಾರೆ?" ಅಂದೆ.

"ಆ ಗುಂಡನ್ನ ಬಲೆ ಸಂಗ್ತಿಗೆ ವಾಪಸ್ ಎಳೀತೇವೆ. ಇದನ್ನ ಯಾರು ಎಳೀತಾರೆ? ನೀನು ದಿನಾ ಬಳಚು ಬಗೆಯೂದು ಇಲ್ಲೇ. ಊರವರು ತಿನ್ನೂದು ಅದನ್ನೇ."

"ಇದೆಲ್ಲ ನಿನ್ನ ಚಿಕ್ಕಿ ಕಲಿಸಿದ್ದಾ?"

"ಹೌದು, ಚಿಕ್ಕಿಯೇ. ಕಂಪ್ಯೂಟರಿನೊಳಗಿದ್ದದ್ದನ್ನೆಲ್ಲ ಅಳಿಸಿ, ಡಿಸ್ಕ್ ಬಿಚ್ಚಿ ತೆಗೆದವಳು ನಾನು. ಕೆಟ್ಟದ್ದು ಹೌದೋ ಅಲ್ದೋ ನನ್ನನ್ನ ಕೇಳಿದ್ರೆ ಆಗ್ತಿತ್ತು. ನೀನು ಕೇಳಿದ್ಯಾ?" ಅವಳು ದೋಣಿಯ ಅಂಚು ಹಿಡಿದುಕೊಂಡಳು. "ಇದನ್ನ ನೀರಿಗೆ ಬಿಟ್ರೆ ನಾನಿನ್ನು ಈಚೆ ಬರೂದಿಲ್ಲ. ಆಚೆಯೇ ಇರ್ತೆ. ಆತಾ?"

ಅವಳು ನನ್ನನ್ನೇ ನೋಡುತ್ತಿದ್ದಳು. ಸಿಟ್ಟಿನ ಕಣ್ಣು; ಆದರೂ ಎಷ್ಟೋ ದಿನದ ಮೇಲೆ ನನ್ನ ಮೇಲೆ ನೆಟ್ಟ ಕಣ್ಣು. ದೋಣಿಯೊಳಗಿನ ಆ ಡಬ್ಬಿ ಮುಳುಗಿದರೆ ಈ ನೋಟವೂ ಮುಳುಗಿತು ಅಂತ ತಿಳಿಯಿತು.

"ಅತ್ತೆ, ಚೂರು ನಿಲ್ಲಿ" ಅಂದೆ. "ನಾವು ಇದನ್ನ ಕದಲಿಸಲೇ ಇಲ್ಲ!"

ಚೌತಿ ಮುಗಿದ ಮೇಲೆ ಗಣಪತಿಯನ್ನು ಎತ್ತುವ ಮುಂಚೆ ಅಕ್ಷತೆ ಹಾಕಿ ಒಂದಿಷ್ಟು ಸರಿಸುತ್ತಾರಲ್ಲ, ಅದೇ ಕದಲಿಸುವುದು. ಕದಲಿಸಿದ ಮೇಲೆ ದೇವರು ಎದ್ದು ಹೋದ ಹಾಗೆ, ಉಳಿದದ್ದು ಬರೀ ಮಣ್ಣು.

"ಹೌದಲೆ" ಅಂದರು ಅತ್ತೆ. "ಆದ್ರೆ ಕದಲಿಸಿದ ಮೇಲೂ ನೀರಿಗೇ ಬಿಡ್ತೇವಲ್ಲ?"

"ಮಣ್ಣು ನೀರಲ್ಲಿ ಕರಗ್ತದೆ, ಅದಕ್ಕೆ ಬಿಡ್ತೇವೆ. ಇದು ಕರಗ್ತದ್ಯಾ? ಕದಲಿಸಿದ್ರೆ ಇದು ಬರೀ ಡಬ್ಬಿ. ಕುಮ್ಟೆಗಾದ್ರೂ ಹೋಗ್ಲಿ, ಎಲ್ಲಿಗಾದ್ರೂ ಹೋಗ್ಲಿ."

"ಬೆಳಿಗ್ಗೆ ಕುಟ್ತಾರೆ ಅಂತ ದೂರಿದವಳೂ ನೀನೇ, ಈಗ ಎಲ್ಲಿಗಾದ್ರೂ ಹೋಗ್ಲಿ ಅಂಬವಳೂ ನೀನೇ! ಎಂತ ಹೆಂಗಸೇ ನೀನು?" ಅಂತ ಬೈಯುತ್ತಲೇ ಅತ್ತೆ ಸೆರಗಿನ ಗಂಟಿನಿಂದ ಅಕ್ಕಿಕಾಳು ತೆಗೆದು ಕುಂಕುಮದಲ್ಲಿ ಉಜ್ಜಿ ಹಾಕಿದರು. ಡಬ್ಬಿಯನ್ನು ಮಣೆಯ ಮೇಲೆ ಒಂದು ಬೆರಳಿನಷ್ಟು ಸರಿಸಿ, "ಹೋಗಿ ಬಾ ಮಾರಾಯ" ಅಂದರು. ಮಾದಿ ಬಿದ್ದು ಬಿದ್ದು ನಕ್ಕಳು. ಚಂದನಾ ಓಡಿ ಹೋಗಿ ಅಪ್ಪಿಕೊಂಡಳು. ನನ್ನನ್ನಲ್ಲ, ದೀಪಿಕಾಳನ್ನು.

ಮರುದಿನ ಡಬ್ಬಿಯನ್ನು ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಅವರಿಬ್ಬರು ಹೊರಟರು. ಭಟ್ಕಳದಿಂದ ಬರುವ ಕುಮಟೆ ಬಸ್ಸು ನಿಂತಿತು. ಅವರ ಹಿಂದೆ ನಾನೂ ಹತ್ತಿದೆ.

"ನೀನೆಂತಕೆ ಅವ್ವಿ?" ಅಂದಳು ಚಂದನಾ.

"ನಂಗೂ ಕುಮ್ಟೆ ನೋಡ್ಬೇಕು. ನಾನು ಬರೂಕಾಗದಾ?"

ಮೂವರ ಸೀಟು. ಕಿಟಕಿಯ ಹತ್ತಿರ ಚಂದನಾ ಕೂತಳು. ಅವಳ ಪಕ್ಕ ಕೂರಲು ದೀಪಿಕಾ ಬಗ್ಗುವಷ್ಟರಲ್ಲಿ ನಾನು ನುಗ್ಗಿ ನಡುವೆ ಕೂತು, ಆ ಪೆಟ್ಟಿಗೆಯನ್ನು ಎಳೆದು ತೊಡೆಯ ಮೇಲೆ ಇಟ್ಟುಕೊಂಡೆ. "ಭಾರ ಆಗ್ತದೆ ಮಂಜಕ್ಕ, ಇಲ್ಲಿ ಕೊಡಿ" ಅಂದಳು ದೀಪಿಕಾ. ಬುಟ್ಟಿಗಟ್ಟಲೆ ಬಳಚು ಹೊತ್ತವಳಿಗೆ ಇವಳು ಭಾರದ ಪಾಠ ಹೇಳುತ್ತಾಳೆ! ಕೊಡಲಿಲ್ಲ. ಪೆಟ್ಟಿಗೆ ಎಷ್ಟು ಎತ್ತರ ಇತ್ತೆಂದರೆ ಈ ಬದಿಯವಳಿಗೆ ಆ ಬದಿಯವಳ ಮುಖ ಕಾಣುತ್ತಿರಲಿಲ್ಲ. ಶರಾವತಿ ಸೇತುವೆ ದಾಟುವಾಗ ತೊಡೆ ಜೋಮು ಹಿಡಿಯಿತು. ಆದರೂ ಅಲ್ಲಾಡಲಿಲ್ಲ.

ಹೊನ್ನಾವರ ದಾಟಿ ಸ್ವಲ್ಪ ದೂರ ಹೋದ ಮೇಲೆ ಬಿಸಿಲಿಗೆ ಚಂದನಾಳಿಗೆ ತೂಕಡಿಕೆ ಬಂತು. ಅರೆಗಣ್ಣಿನಲ್ಲೇ ನನ್ನನ್ನು ದಾಟಿಸಿ ಕೈ ಚಾಚಿದಳು.

"ಚಿಕ್ಕಿ, ನೀರು ಕೊಡು."

ಪೆಟ್ಟಿಗೆಯ ಆಚೆ ದೀಪಿಕಾ ತನ್ನ ಚೀಲದ ಜಿಪ್ ಎಳೆದ ಸದ್ದು ಕೇಳಿಸಿತು. ಅವಳು ತೆಗೆಯುವುದರೊಳಗೆ ನಾನು ನನ್ನ ಬಾಟಲಿಯ ಮುಚ್ಚಳ ಬಿಚ್ಚಿ ಮಗಳ ಕೈಗೆ ಇಟ್ಟೆ. ಅವಳು ಗಟಗಟ ಕುಡಿದಳು. ಯಾರು ಕೊಟ್ಟದ್ದೆಂದು ಕಣ್ಣು ಬಿಟ್ಟು ನೋಡಲಿಲ್ಲ. ನೋಡದಿದ್ದರೆ ಬೇಡ. ನೀರು ನನ್ನದು.