ಬಂಪರಿನ ಮೇಲೆ ಕಾಯಿ

ಗಂಗಾವತಿಯ ಡ್ರೈವರ್ ಹೇಮಪ್ಪನ ಬಾಯಿಗೆ ಒಂದು ಮಾತು ಅಂಟಿಕೊಂಡಿತ್ತು: “ಗೊತ್ತೈತಿ ಬಿಡ್ರಿ.” ದಾರಿ ಹೇಳಲು ಹೋದವರಿಗೂ ಅದೇ, ಗಾಡಿಯ ಬಗ್ಗೆ ಹೇಳಲು ಹೋದವರಿಗೂ ಅದೇ. ಅಕ್ಕಿ ಗಿರಣಿಯ ಅಮರಪ್ಪ ಸಾಹುಕಾರರ ಅಂಬಾಸಿಡರ್ ಓಡಿಸುತ್ತಲೇ ಅವನ ತಲೆ ನರೆತಿತ್ತು. ಅಮಾವಾಸ್ಯೆ ಬಂತೆಂದರೆ ಅದರ ಕಬ್ಬಿಣದ ಬಂಪರಿಗೆ ತೆಂಗಿನಕಾಯಿ ಅಪ್ಪಳಿಸಿ, ಒಂದೇ ಏಟಿಗೆ ಎರಡು ಹೋಳು ಮಾಡುವುದು ಅವನ ಹೆಚ್ಚುಗಾರಿಕೆ. ಹಮಾಲರು ನಿಂತು ನೋಡುತ್ತಿದ್ದರು. ನೋಡದಿದ್ದರೆ ಇವನೇ ಕೂಗಿ ಕರೆಯುತ್ತಿದ್ದ.

ಎಂಬತ್ತೈದನೇ ಇಸವಿಯಲ್ಲಿ ಸಾಹುಕಾರರು ಹೊಸ ಸಣ್ಣ ಕಾರಿಗೆ ಮುಂಗಡ ಕಟ್ಟಿ ಹೆಸರು ಹಚ್ಚಿದರು. ಎಲ್ಲಿ ನೋಡಿದರೂ ಅದರದೇ ಸುದ್ದಿ, ಹೆಸರು ಹಚ್ಚಿ ವರ್ಷಗಟ್ಟಲೆ ಕಾಯುವವರಿದ್ದರು. ಹೇಮಪ್ಪನಿಗೆ ಮಾತ್ರ ಆ ಸುದ್ದಿ ಬೇಡವಾಗಿತ್ತು. ಅದು ಎಷ್ಟು ಹಗುರವೆಂದರೆ ತಾನೇ ಓಡಿಸಬಹುದಂತೆ ಎಂದು ಸಾಹುಕಾರರ ಸೊಸೆ ನಗುತ್ತ ಹೇಳಿದ್ದಳು. ಸ್ಟೇರಿಂಗು ಕೈತಪ್ಪಿದರೆ ಗಿರಣಿಯಲ್ಲಿ ಚೀಲ ಕಾಯುತ್ತ ಕೂರುವುದೊಂದೇ ಉಳಿಯುತ್ತಿತ್ತು, ಆಮೇಲೆ ಅವನನ್ನು ಡ್ರೈವರ್ ಹೇಮಪ್ಪ ಎಂದು ಯಾರು ಕರೆದಾರು.

ಒಂದು ಸಂಜೆ ಗಾಡಿ ಗಿರಣಿಯ ಅಂಗಳಕ್ಕೆ ಬಂದೇ ಬಿಟ್ಟಿತು. ಹುಬ್ಬಳ್ಳಿಯ ಅಂಗಡಿಯಿಂದ ಅದನ್ನು ಓಡಿಸಿಕೊಂಡು ಬಂದವನು ವಿರುಪಣ್ಣ. ಕುಷ್ಟಗಿ ಕಡೆಯ ಹುಡುಗ, ಗಾಡಿ ಮಾರುವ ಕೆಲಸಕ್ಕೆ ಹೊಸಬ. ಮರುದಿನ ಬೆಳಿಗ್ಗೆ ಊರಿನ ಮಿಲ್ಲಿನ ಮಾಲಕರೆಲ್ಲ ನೋಡಲು ಬರುವವರಿದ್ದರು. ಅವರು ಮೆಚ್ಚಿ ಹೆಸರು ಹಚ್ಚಿದರೆ ಅವನ ಕೆಲಸ ಗಟ್ಟಿ, ಇಲ್ಲದಿದ್ದರೆ ಊರಿನ ದಾರಿ. ಅದನ್ನು ಅವನು ಮುಚ್ಚುಮರೆಯಿಲ್ಲದೆ ಹೇಮಪ್ಪನಿಗೆ ಹೇಳಿಕೊಂಡ. ಆಮೇಲೆ ಬಾನೆಟ್ ಎತ್ತಿದ.

“ನೋಡ್ರಿ ಅಣ್ಣಾರ, ಇದರಾಗ ಇಂಜಿನ್ನು ಮುಂದಿನ ಗಾಲಿನ ತಿರುಗಸತೈತ್ರಿ. ಹಿಂದಕ ಶಾಫ್ಟ್ ಇಲ್ಲ. ಅದಕ ಗಾಡಿ ಸಣ್ಣದಿದ್ರೂ ಒಳಗ ಜಾಗ ಭಾಳ.”

“ಗೊತ್ತೈತಿ ಬಿಡ್ರಿ.”

“ಮತ್ತ ಈ ಬಂಪರ್ ಐತಲ್ರಿ, ಇದು...”

“ಗೊತ್ತೈತಿ ಬಿಡ್ರಿ. ಸಾಹುಕಾರ್ರು ಊಟಕ್ಕ ಕಾಯಾಕತ್ತಾರ, ನಡೀರಿ.”

ಹುಡುಗ ಬಾನೆಟ್ ಮುಚ್ಚಿ ಊಟಕ್ಕೆ ಹೋದ. ಹೇಮಪ್ಪ ಗಾಡಿಯ ಗಾಲಿಗಳಡಿ ನಿಂಬೆಹಣ್ಣಿಟ್ಟ, ಊದುಬತ್ತಿ ಬೆಳಗಿದ. ಕರಿಯ ಬಂಪರಿನ ಮುಂದೆ ನಿಂತು, ಹೊಸ ಗಾಡಿಗೆ ಹಳೆಯ ಡ್ರೈವರ್ ಯಾರೆಂದು ತೋರಿಸುವವನ ಹಾಗೆ ಕಾಯಿ ಎತ್ತಿ ಅಪ್ಪಳಿಸಿದ.

ಕಾಯಿ ಒಡೆಯಲಿಲ್ಲ. ಬಂಪರ್ ಒಡೆಯಿತು.

ಅದು ಕಬ್ಬಿಣವಲ್ಲ, ಪ್ಲಾಸ್ಟಿಕ್ಕು. ಅಂಗೈಯುದ್ದದ ಸೀಳು ಬಾಯಿ ತೆರೆದುಕೊಂಡಿತ್ತು. ಹೇಮಪ್ಪ ಸುತ್ತ ನೋಡಿದ. ಅದೃಷ್ಟಕ್ಕೆ ಒಬ್ಬ ಹಮಾಲನೂ ಇರಲಿಲ್ಲ, ಅಂದು ಅವನು ಯಾರನ್ನೂ ಕರೆದಿರಲಿಲ್ಲ. ಸೀಳಿನ ಮೇಲೆ ಚೆಂಡುಹೂವಿನ ಹಾರ ಇಳಿಬಿಟ್ಟು, ಕಾಯಿಯನ್ನು ಚೀಲಕ್ಕೆ ತುರುಕಿ ಮನೆಗೆ ನಡೆದ. ಕಾಯಿಯ ಮೈಗೆ ಬಂಪರಿನ ಕರಿ ಬಣ್ಣ ಮೆತ್ತಿತ್ತು. ಹೆಂಡತಿ ದುರುಗವ್ವ ಪ್ರಸಾದ ಎಲ್ಲಿ ಎಂದು ಕೇಳಿದ್ದಕ್ಕೆ ಅವಳ ಮೇಲೆಯೇ ರೇಗಿದ.

ಬೆಳಿಗ್ಗೆ, ಅವಳ ಕಣ್ಣಿಗೆ ಕಾಯಿ ಬಿದ್ದೀತೆಂದು ಆ ಚೀಲವನ್ನು ಹೆಗಲಿಗೆ ಹಾಕಿಕೊಂಡೇ ಗಿರಣಿಗೆ ಬಂದ. ಮಿಲ್ಲಿನವರು ನೆರೆದರು. ಬಾಗಿಲು ತೆಗೆದರು, ಹಾಕಿದರು, ಸೀಟು ಒತ್ತಿ ನೋಡಿದರು. ಎಲ್ಲರ ಮುಖವೂ ಅರಳಿತ್ತು. ಅಷ್ಟರಲ್ಲಿ ಹುಲಿಗೆಪ್ಪ ಎಂಬ ಮಿಲ್ಲಿನ ಮಾಲಕ ಹಾರ ಸರಿಸಿದ.

“ಇದೇನ್ರಿ ಅಮರಪ್ಪನೋರ, ಬರೋದರಾಗ ಸೀಳಿ ಬಂದೈತಿ ನಿಮ್ಮ ಗಾಡಿ.”

ಅರಳಿದ ಮುಖಗಳು ಬಾಡಿದವು. ವಿರುಪಣ್ಣ ಹೇಮಪ್ಪನ ಕಡೆ ತಿರುಗಿದ. “ಅಣ್ಣಾರ, ನಿನ್ನಿ ಯಾರರ ತಾಗಿಸಿದ್ರೇನ್ರಿ?”

“ಇಲ್ರಿ” ಎಂದ ಹೇಮಪ್ಪ. ನಾಲಗೆ ಅಷ್ಟು ಸಲೀಸಾಗಿ ಹೊರಳಿದ್ದಕ್ಕೆ ಅವನಿಗೇ ಅಸಹ್ಯವಾಯಿತು.

ಹುಡುಗ ನೆರೆದವರ ಕಡೆ ತಿರುಗಿ ಕೈಮುಗಿದ. “ಹಂಗಾದ್ರ ದಾರ್‍ಯಾಗ ನಾನ ಎಲ್ಲೋ ತಾಗಿಸೇನ್ರಿ. ತಪ್ಪು ನಂದು. ಗಾಡಿದಲ್ಲ.”

ಸಾಹುಕಾರರು ಅವನನ್ನು ಎಲ್ಲರೆದುರು ಹಿಗ್ಗಾಮುಗ್ಗಾ ಬೈದರು. ಓಡಿಸಲು ಬರದವ ಮಾರಲು ಯಾಕೆ ಬಂದೆ, ನಿಮ್ಮ ಮಾಲಕರಿಗೆ ಈಗಲೇ ಫೋನು ಮಾಡುತ್ತೇನೆ ಎಂದರು. ಹುಡುಗ ತಲೆ ಎತ್ತಲಿಲ್ಲ. ಹೇಮಪ್ಪನಿಗೆ ಆ ಒಂದೊಂದು ಮಾತೂ ತನ್ನ ಬೆನ್ನ ಮೇಲೇ ಬಿದ್ದಂತಾಯಿತು. ಸಾಹುಕಾರರು ಫೋನಿಗೆಂದು ಹೊರಳಿದಾಗ ಅವನಿಗೆ ತಡೆಯಲಾಗಲಿಲ್ಲ.

“ಧಣ್ಯಾರ, ಬಂಪರ್ ಒಡದಾವ ನಾನ್ರಿ.”

ಸಾಹುಕಾರರು ನಿಂತರು. ಅವನನ್ನು ನೋಡಿದರು, ಮೆಲ್ಲಗೆ ನಕ್ಕರು, ಬಂದು ಹೆಗಲ ಮೇಲೆ ಕೈಯಿಟ್ಟರು. “ನೋಡ್ರಪ್ಪ ಇವನ್ನ. ಹುಡುಗನ ಮಾರಿ ಸಣ್ಣದಾತಂತ ತಪ್ಪು ತನ್ನ ಮ್ಯಾಲೆ ಹಾಕ್ಕೊಳ್ಳಾಕತ್ತಾನ. ಇಂಥ ಮನಷ್ಯಾ ಎಲ್ಲಿ ಸಿಗತಾನ?”

ಮಿಲ್ಲಿನವರು ತಲೆದೂಗಿದರು. ವಿರುಪಣ್ಣನಂತೂ ಕಣ್ಣು ತುಂಬಿಕೊಂಡು ಇವನಿಗೇ ಕೈಮುಗಿದ. ಸುಮ್ಮನೆ ನಿಂತಿದ್ದರೆ ಸಾಕಿತ್ತು, ಸ್ಟೇರಿಂಗೂ ಉಳಿಯುತ್ತಿತ್ತು, ಹೆಸರೂ ದೊಡ್ಡದಾಗುತ್ತಿತ್ತು. ಆದರೆ ಆ ಮುಗಿದ ಕೈಗಳನ್ನು ನೋಡಲು ಹೇಮಪ್ಪನಿಂದಾಗಲಿಲ್ಲ. ಬೈಗುಳವನ್ನಾದರೂ ತಿಂದುಕೊಂಡಾನು, ಈ ಮರ್ಯಾದೆ ಗಂಟಲಲ್ಲಿ ಇಳಿಯುವಂಥದ್ದಲ್ಲ. ಚೀಲಕ್ಕೆ ಕೈಹಾಕಿ ಒಡೆಯದ ಕಾಯಿ ತೆಗೆದು, ಕರಿ ಮೆತ್ತಿದ ಮಗ್ಗುಲನ್ನು ಸಾಹುಕಾರರ ಮುಂದೆ ಹಿಡಿದ.

“ಕಬ್ಬಣ ಅಂತ ತಿಳದಿದ್ನಿರಿ. ಈ ಹುಡುಗ ಹೇಳಾಕ ಬಂದಿದ್ದ, ನಾನ ಕೇಳಲಿಲ್ಲ. ಈಗ ಸುಳ್ಳೂ ಹೇಳಿದ್ನಿ.”

ಸಾಹುಕಾರರ ಕೈ ಹೆಗಲಿನಿಂದ ಇಳಿಯಿತು. ಮೊದಲು ನಕ್ಕವನು ಹುಲಿಗೆಪ್ಪ, ಆಮೇಲೆ ಎಲ್ಲರೂ ನಕ್ಕರು. ಹಮಾಲರೂ ನಕ್ಕರು, ಇವತ್ತು ಯಾರೂ ಕೂಗಿ ಕರೆಯದೆಯೇ ಅವರು ಬಂದು ನಿಂತಿದ್ದರು. “ಹಂಗಾದ್ರ ಗಾಡಿದೇನೂ ಐಬಿಲ್ಲ” ಎಂದ ಹುಲಿಗೆಪ್ಪ, “ಕಾಯಿ ನಾ ಕಲ್ಲಿನ ಮ್ಯಾಲೆ ಒಡಸತೀನಿ. ತಮ್ಮಾ, ನನ್ನ ಹೆಸರು ಹಚ್ಚು.” ಅವನ ಹಿಂದೆ ಇನ್ನೂ ನಾಲ್ಕಾರು ಮಂದಿ ಹೆಸರು ಹಚ್ಚಿದರು.

ಗದ್ದಲ ಕರಗಿದ ಮೇಲೆ ಸಾಹುಕಾರರು ಕೀಲಿಯನ್ನು ಹೇಮಪ್ಪನ ಕೈಗೆ ಕೊಡಲಿಲ್ಲ, ಬಾನೆಟ್ಟಿನ ಮೇಲಿಟ್ಟರು. “ಆ ಹುಡುಗನ್ನ ಬಾಜೂಕ ಕುಂಡರಿಸ್ಕೊಂಡು ಮೊದಲಿಂದ ಕಲಿ. ಅವ ಹೂಂ ಅಂದ್ರ ಓಡ್ಸು.”

ಹೇಮಪ್ಪ ಮುಖ ಎತ್ತದೆ ಕೀಲಿ ತೆಗೆದುಕೊಂಡು ಒಳಗೆ ಕೂತ. ಪಕ್ಕದಲ್ಲಿ ವಿರುಪಣ್ಣ ಕೂತ. ಅವನು ಈ ಸಲ ಕೈಮುಗಿಯಲಿಲ್ಲ, ಅವನ ದನಿಯಲ್ಲಿ ಸಿಟ್ಟೂ ಇರಲಿಲ್ಲ.

“ಅಣ್ಣಾರ, ಇದರ ಗೇರಿಂದು ಗೊತ್ತೈತೇನ್ರಿ?”

ರೂಢಿಯ ಮಾತು ಹೇಮಪ್ಪನ ತುಟಿಯವರೆಗೂ ಬಂತು. ಅವನು ಅದನ್ನು ನುಂಗಿದ.

“ಗೊತ್ತಿಲ್ರಿ” ಎಂದ. “ಹೇಳ್ರಿ.”