ಸಡಿಲ ಲಗಾಮು

ಎರಡು ಬೆರಳು ಹೋಗಬೇಕಾದಲ್ಲಿ ಒಂದೂ ಹೋಗಲಿಲ್ಲ. ಅವನು ಮತ್ತೊಮ್ಮೆ ತೂರಿಸಿ ನೋಡಿದ. ಕುದುರೆಯ ಮೂಗಿನ ಮೇಲಿನ ಪಟ್ಟಿ ಚರ್ಮಕ್ಕೆ ಕಚ್ಚಿಕೊಂಡಿತ್ತು.

"ಯಾರು ಬಿಗಿದದ್ದು ಇದನ್ನ?"

ಲಾಯದ ಮುದುಕ ಬ್ರಷ್ಷಿಗೆ ಸಿಕ್ಕಿಕೊಂಡ ಕೂದಲು ಕೀಳುತ್ತ ಕೂತಿದ್ದ. ಮೂವತ್ತು ವರ್ಷ ಇಲ್ಲಿ ಕುದುರೆ ತಿಕ್ಕಿದವನು; ಬಾಯಿ ತೆರೆಯುವ ಮುಂಚೆ ಬಾಗಿಲ ಕಡೆ ನೋಡುವುದು ಅವನ ಅಭ್ಯಾಸ.

"ಎಲ್ಲಾ ಕಡೆ ಹೀಗೇ ಬಿಗೀತಾರಂತೆ, ಮೇಷ್ಟ್ರೇ."

"ಎಲ್ಲಾ ಕಡೆ ವಿಷಯ ನಾನು ಕೇಳ್ಲಿಲ್ಲ."

ಮುದುಕ ಮತ್ತೆ ಬ್ರಷ್ಷಿಗೆ ಮರಳಿದ. ಕೇಳಿದವನೇ ಪಟ್ಟಿಯನ್ನು ಎರಡು ತೂತು ಸಡಿಲಿಸಿದ. ಬೂದು ಬಣ್ಣದ ಹೆಣ್ಣುಕುದುರೆ ಈಗಲಾದರೂ ದವಡೆ ಆಡಿಸಬೇಕಿತ್ತು. ಆಡಿಸಲಿಲ್ಲ. ಇವತ್ತು ಜನ ಸೇರಿದ್ದಾರೆ, ಅದಕ್ಕೇ ಗಾಬರಿ ಎಂದು ಅವನು ಸಮಾಧಾನ ಹೇಳಿಕೊಂಡ.

ಮೇಷ್ಟ್ರು ಎನ್ನುವುದು ಹಳೆಯ ಕೆಲಸ ಬಿಟ್ಟುಹೋದ ಹೆಸರು. ಒಂಬತ್ತು ವರ್ಷ ಕಾಲೇಜಿನಲ್ಲಿ ತರ್ಕಶಾಸ್ತ್ರ ಹೇಳಿದ್ದ. ಫೇಲಾದ ಹುಡುಗನೊಬ್ಬನನ್ನು ಪಾಸು ಮಾಡಿ ಎಂದು ಪ್ರಿನ್ಸಿಪಾಲರು ನಯವಾಗಿ ಕೇಳಿದಾಗ ಒಂದೇ ಸಾಲಿನ ರಾಜೀನಾಮೆ ಬರೆದುಕೊಟ್ಟು ಹೊರಬಿದ್ದ. ಆ ಸಾಲು ಅವನಿಗೆ ಇನ್ನೂ ಬಾಯಿಪಾಠ. ಆಮೇಲೆ ಉಳಿದದ್ದು, ಸೋದರಮಾವ ಚಿಕ್ಕಂದಿನಲ್ಲಿ ಕಲಿಸಿದ್ದ ಕುದುರೆ ಪಳಗಿಸುವ ವಿದ್ಯೆ.

ಕುದುರೆಯ ನೆತ್ತಿ ಎಲ್ಲಕ್ಕಿಂತ ಮೇಲಿರಬೇಕು, ಮೂಗು ಚೂರು ಮುಂದೆ ಚಾಚಿರಬೇಕು ಎನ್ನುತ್ತಿದ್ದರು ಮಾವ. ಕತ್ತನ್ನು ಯಾರೂ ಎಳೆದು ಬಗ್ಗಿಸಬಾರದು. ಹಿಂಗಾಲು ಬಲಿತು ಬೆನ್ನು ಎದ್ದರೆ ಕತ್ತು ತಾನಾಗಿ ಬಾಗುತ್ತದೆ. ಅದಕ್ಕೆ ವರ್ಷಗಳು ಬೇಕು. ಅವನು ಈ ಬೂದು ಕುದುರೆಗೆ ಮೂರು ವರ್ಷ ಕೊಟ್ಟಿದ್ದ. ಬೇರೆ ಯಾರಿಗೂ ಅಷ್ಟು ತಾಳ್ಮೆ ತೋರಿಸಿದ್ದು ಅವನಿಗೆ ನೆನಪಿಲ್ಲ.

ಬೆಳಗ್ಗೆ ಹೆಂಡತಿ ಅವನ ಅಂಗಿಗೆ ಇಸ್ತ್ರಿ ಹಾಕುತ್ತಿದ್ದಳು.

"ಇವತ್ತು ಸ್ಪರ್ಧೆಗೆ ಕುದುರೆ ಆರಿಸೋ ಸಮಿತಿಯವರು ಬರ್ತಾರೆ," ಎಂದ ಅವನು.

"ಹೂಂ."

"ಸವಾರಿಶಾಲೆ ಯಜಮಾನರಿಗೆ ಕತ್ತು ಮುದುಡಿದ ಕುದುರೆ ಬೇಕಂತೆ. ನಾನು ತೋರಿಸಲ್ಲ."

"ಹೂಂ."

"ಕೆಲಸ ಹೋದ್ರೂ ಹೋಗಬಹುದು."

ಇಸ್ತ್ರಿಪೆಟ್ಟಿಗೆ ಕಾಲರಿನ ಮೇಲೆ ಒಂದು ಕ್ಷಣ ನಿಂತಿತು. "ನಿಮಗೆ ಹೇಗೆ ಸರಿ ಅನ್ಸುತ್ತೋ ಹಾಗೆ ಮಾಡಿ. ನಾನೂ ನೋಡೋಕೆ ಬರ್ತೀನಿ."

ಹನ್ನೆರಡು ವರ್ಷದಲ್ಲಿ ಅವಳು ಒಮ್ಮೆಯೂ ಎದುರು ಮಾತಾಡಿರಲಿಲ್ಲ. ನಮ್ಮ ಮನೆಯಲ್ಲಿ ಜಗಳ ಅನ್ನೋದೇ ಇಲ್ಲ ಎಂದು ಅವನು ಸಿಕ್ಕವರಿಗೆಲ್ಲ ಹೇಳಿಕೊಳ್ಳುತ್ತಿದ್ದ.

ಸವಾರಿಶಾಲೆಯ ಯಜಮಾನರು ಹೋದ ವಾರವೇ ಅವನನ್ನು ಕೋಣೆಗೆ ಕರೆಸಿ ಗೋಡೆಯ ಮೇಲಿನ ಪಟ ತೋರಿಸಿದ್ದರು. ಪಟದ ಕುದುರೆಯ ಗಲ್ಲ ಎದೆಗೆ ಅಂಟಿತ್ತು.

"ಕತ್ತು ಹೀಗೆ ಬರಬೇಕು, ಮೇಷ್ಟ್ರೇ. ಬಿಲ್ಲಿನ ಹಾಗೆ."

"ಕೊಕ್ಕೆ ಹಾಗಿದೆ ಅದು. ಆ ಕುದುರೆಗೆ ತನ್ನ ಗೊರಸು ಬಿಟ್ರೆ ಏನೂ ಕಾಣಿಸಲ್ಲ."

"ಅದಕ್ಕೇನು ಕಾಣಿಸ್ಬೇಕು ಹೇಳಿ. ದಾರಿ ತೋರಿಸೋಕೆ ಮೇಲೆ ನೀವು ಕೂತಿರ್ತೀರಲ್ಲ!"

ಯಜಮಾನರ ಅಳಿಯ ಕಿಟಕಿಗೆ ಒರಗಿ ನಕ್ಕ. ಪಟ ಅವನು ತಂದದ್ದು. ಹೊಟ್ಟೆಪಟ್ಟಿಯಿಂದ ಹೊರಟು, ಬಾಯಿಯ ಕಡಿವಾಣದ ಬಳೆಯೊಳಗೆ ತೂರಿ, ಸವಾರನ ಕೈಗೆ ಬರುವ ಉದ್ದನೆಯ ಎಳೆಪಟ್ಟಿಯನ್ನು ಈ ಲಾಯಕ್ಕೆ ತಂದವನೂ ಅವನೇ. ಅದನ್ನು ಎಳೆದರೆ ಎಂಥ ಕುದುರೆಯೂ ಮೂರು ದಿನದಲ್ಲಿ ಎದೆಗೆ ಗಲ್ಲ ಒತ್ತಿಕೊಳ್ಳುತ್ತದೆ.

"ಅವತ್ತು ಬೂದು ಕುದುರೆ ನೀವು ಹತ್ತದೇ ಇದ್ರೆ ಇವನು ಹತ್ತುತ್ತಾನೆ," ಎಂದರು ಯಜಮಾನರು. "ಆಮೇಲೆ ಆ ಕುದುರೆ ಇವನದೇ."

"ನಾನೇ ಹತ್ತುತ್ತೀನಿ."

ಸುಮ್ಮನೆ ಒಪ್ಪಿಕೊಂಡಿರಲಿಲ್ಲ. ಮೊದಲೇ ಲೆಕ್ಕ ಹಾಕಿದ್ದ. ಅಂಗಳದ ನಟ್ಟನಡುವೆ, ಸಮಿತಿಯವರ ಮೂಗಿನ ಕೆಳಗೇ, ಎರಡೂ ಲಗಾಮು ಪೂರ್ತಿ ಸಡಿಲ ಬಿಡುವುದು. ಸರಿಯಾಗಿ ಪಳಗಿದ ಕುದುರೆ ಆಗ ಕೈಯನ್ನು ಹುಡುಕಿಕೊಂಡು ಮೂತಿ ಮುಂದೆ ಚಾಚುತ್ತದೆ. ಎಳೆದು ಬಗ್ಗಿಸಿದ ಕುದುರೆ ಚಾಚುವುದಿಲ್ಲ; ಇಲ್ಲದ ಕೈಗೂ ಹೆದರುತ್ತದೆ. ಬೂದು ಕುದುರೆ ಮೂತಿ ಚಾಚಿದ ಮೇಲೆ ಅಳಿಯನ ಕುದುರೆಗಳನ್ನೂ ಹೀಗೇ ಪರೀಕ್ಷೆ ಮಾಡಿ ಎಂದು ಎಲ್ಲರೆದುರು ಗಟ್ಟಿಯಾಗಿ ಹೇಳುವುದು. ಹೇಳಬೇಕಾದ ಮಾತನ್ನು ಕನ್ನಡಿ ಮುಂದೆ ಎರಡು ಸಲ ಆಡಿ ನೋಡಿದ್ದ.

ಅವನ ಧೈರ್ಯಕ್ಕೆ ಕಾರಣವಿತ್ತು. ಎರಡು ತಿಂಗಳಿಂದ ಲಗಾಮು ಕೈಯಲ್ಲಿ ದಾರದಷ್ಟು ಹಗುರಾಗಿತ್ತು. ಮೂರು ವರ್ಷದ ತಾಳ್ಮೆ ಕೈಗೂಡಿತು ಎಂದು ದಿನಚರಿಯಲ್ಲಿ ತಾರೀಖಿನ ಸಮೇತ ಬರೆದಿಟ್ಟಿದ್ದ.

ಮೂರು ಗಂಟೆಗೆ ಅಂಗಳಕ್ಕೆ ಇಳಿದ. ಸಮಿತಿಯ ಐವರು ನೆರಳಲ್ಲಿ ಕೂತಿದ್ದರು. ಮೂರನೆಯ ಸಾಲಿನಲ್ಲಿ ಹೆಂಡತಿ. ಕುದುರೆ ಕುಕ್ಕುಲೋಟಕ್ಕೆ ಬಿತ್ತು. ಹೆಜ್ಜೆ ಗಡಿಯಾರದ ಹಾಗೆ, ಬಾಯಿ ಹಗುರ. ಅವನಿಗೆ ಹಿಗ್ಗು ತಡೆಯಲಾಗಲಿಲ್ಲ. ನಡುವಿಗೆ ಬಂದ, ಎರಡೂ ಕೈಗಳನ್ನು ಮುಂದೆ ಚಾಚಿ ಲಗಾಮು ಬಿಟ್ಟ.

ಲಗಾಮು ಜೋತುಬಿತ್ತು. ಕುದುರೆಯ ಮೂತಿ ಮುಂದೆ ಬರಲಿಲ್ಲ. ಬದಲಿಗೆ ಇನ್ನೂ ಒಳಕ್ಕೆ ಹೋಯಿತು. ಕತ್ತು ನಡುವಿನಲ್ಲಿ ಮಡಚಿಕೊಂಡಿತು, ನೆತ್ತಿ ಕೆಳಗಿಳಿಯಿತು, ಗಲ್ಲ ಎದೆಗೆ ಒತ್ತಿತು. ಜೀನಿನ ಮೇಲಿಂದ ಅವನಿಗೆ ಕುದುರೆಯ ಕಿವಿಗಳೇ ಕಾಣಿಸಲಿಲ್ಲ.

ಜನ ಚಪ್ಪಾಳೆ ಹೊಡೆದರು.

"ನೋಡಿ, ಕೈ ಬಿಟ್ರೂ ಕತ್ತು ಹಾಗೇ ಇದೆ!" ಸಮಿತಿಯ ಹಿರಿಯರು ಎದ್ದೇ ನಿಂತರು. ಯಜಮಾನರು ಕಣ್ಣೊರೆಸಿಕೊಂಡರು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದದ್ದು ಅಳಿಯ.

ಅವನು ಇಳಿದ. ಬಗ್ಗಿ ಕುದುರೆಯ ಮುಂಗಾಲುಗಳ ನಡುವೆ ಕೈಯಾಡಿಸಿದ. ಅಲ್ಲಿ ಒಂದು ಬೆರಳಗಲ ಕೂದಲು ಸವೆದು ಚರ್ಮ ನುಣ್ಣಗಾಗಿತ್ತು. ಎಳೆಪಟ್ಟಿ ಉಜ್ಜುವ ಜಾಗ.

ಕುದುರೆ ಹಿಡಿಯಲು ಬಂದ ಮುದುಕ ಅವನ ಕಣ್ಣು ತಪ್ಪಿಸಿದ.

"ಎಷ್ಟು ದಿನದಿಂದ?"

"ನೀವು ಮಧ್ಯಾಹ್ನ ಊಟಕ್ಕೆ ಮನೆಗೆ ಹೋಗ್ತೀರಲ್ಲ... ಎರಡು ತಿಂಗಳಾಯ್ತು. ಅಳಿಯಂದಿರು ದಿನಾ ಹತ್ತೋರು."

"ನನಗ್ಯಾಕೆ ಹೇಳ್ಲಿಲ್ಲ?"

"ನೀವು ತುಂಬಾ ಸಂತೋಷವಾಗಿದ್ರಿ, ಮೇಷ್ಟ್ರೇ."

ಎರಡು ತಿಂಗಳು ಅವನು ಕೈಯಲ್ಲಿ ಹಿಡಿದು ಮೆರೆದದ್ದು ಹೆದರಿಕೆಯ ಹಗುರ. ತನ್ನ ಕೈಗೂ ಅಳಿಯನ ಕೈಗೂ ಕುದುರೆ ಕಂಡ ವ್ಯತ್ಯಾಸವೇನು ಎಂದು ಯೋಚಿಸಿದಾಗ ಅವನಿಗೆ ನಾಚಿಕೆಯಾಯಿತು. ನಾಚಿಕೆ ಸಿಟ್ಟಾಗಲು ಹೆಚ್ಚು ಹೊತ್ತು ಹಿಡಿಯಲಿಲ್ಲ.

ಅವನು ಸಮಿತಿಯ ಮುಂದೆ ಹೋಗಿ ನಿಂತ.

"ಚಪ್ಪಾಳೆ ನಿಲ್ಲಿಸಿ. ಈ ಕುದುರೇನ ಹಾಳು ಮಾಡಿದ್ದಾರೆ. ನನಗೇ ಗೊತ್ತಾಗ್ಲಿಲ್ಲ. ಲಗಾಮು ಬಿಟ್ಟಾಗ ಅದು ಮೂತಿ ಚಾಚಬೇಕಿತ್ತು."

"ಎಂಥ ವಿನಯ ನೋಡಿ!" ಎಂದರು ಹಿರಿಯರು.

"ವಿನಯ ಅಲ್ಲ ರೀ. ತಪ್ಪು. ತಪ್ಪು ಅಂತ ಬರ್ಕೊಳ್ಳಿ. ನಿಮ್ಮ ಕಾಗದದಲ್ಲಿ ನನ್ನ ಹೆಸರಿನ ಮುಂದೆ ಸೊನ್ನೆ ಹಾಕಿ."

ಯಜಮಾನರು ಅವನ ಭುಜ ಹಿಡಿದರು. "ಆಯ್ತು ಬನ್ನಿ, ಕುದುರೆ ಆಯ್ಕೆ ಆಯ್ತು. ಇನ್ನು ಮುಖ್ಯ ಶಿಕ್ಷಕರು ನೀವೇ."

"ಈ ಮುದುಡಿದ ಕತ್ತು ಹಿಡ್ಕೊಂಡು ನಾನು ಬರಲ್ಲ."

ಅವನು ಹಿಂತಿರುಗಿ ಎಲ್ಲರೆದುರಿಗೇ ಮೂಗುಪಟ್ಟಿ, ಕಡಿವಾಣ, ಲಗಾಮು ಎಲ್ಲವನ್ನೂ ಬಿಚ್ಚಿ ಮರಳಿಗೆ ಎಸೆದ. ಜೀನನ್ನೂ ಇಳಿಸಿದ. ಹೋಗಿ ಅಂಗಳದ ಬಾಗಿಲನ್ನು ಹಾರು ಹೊಡೆದು ಬಂದ. ಬಾಗಿಲಾಚೆ ಹುಲ್ಲುಗಾವಲು ಇಳಿಬಿಸಿಲಲ್ಲಿ ಬಿದ್ದುಕೊಂಡಿತ್ತು.

ಜನ ಸ್ವಲ್ಪ ಹೊತ್ತು ನೋಡಿದರು. ಇದು ಪ್ರದರ್ಶನದ ಭಾಗವಲ್ಲ ಎಂದು ಖಚಿತವಾದ ಮೇಲೆ ಒಬ್ಬೊಬ್ಬರಾಗಿ ಎದ್ದು ಚಹಾಕ್ಕೆ ಹೋದರು. ಹೆಂಡತಿ ಅಂಗಳದ ಸುತ್ತಲಿನ ಕಟಕಟೆಯ ಹತ್ತಿರ ಬಂದಳು.

"ನಾನು ಮಾಡಿದ್ದು ಅತಿಯಾಯ್ತಾ? ನಿಜ ಹೇಳು."

"ನಿಮಗೆ ಹೇಗೆ ಸರಿ ಅನ್ಸುತ್ತೋ..." ಅವಳು ತನ್ನ ಕೈಯಲ್ಲಿದ್ದ ಕಾರ್ಯಕ್ರಮದ ಹಾಳೆಯನ್ನು ನೋಡುತ್ತಲೇ ಅಂದಳು.

"ಅದು ಬೇಡ. ಒಂದು ಸಲ ಬಯ್ಯಿ ನನ್ನ."

ಅವಳು ಹಾಳೆಯನ್ನು ನಾಲ್ಕಾಗಿ ಮಡಚಿದಳು. ತಲೆ ಎತ್ತಲಿಲ್ಲ.

ಹಿಂದೆ ಗೊರಸಿನ ಸದ್ದಾಯಿತು. ಯಾರೂ ಹೇಳದೆ, ಯಾರೂ ಮೇಲೆ ಕೂರದೆ, ಬೂದು ಕುದುರೆ ಕಟಕಟೆಯ ಗುಂಟ ಕುಕ್ಕುಲೋಟ ಶುರು ಮಾಡಿತ್ತು. ಬರಿಯ ಮುಖ, ಬರಿಯ ಬೆನ್ನು. ಗಲ್ಲ ಎದೆಗೊತ್ತಿತ್ತು, ಕಣ್ಣು ಮರಳಿನ ಮೇಲಿತ್ತು. ಅವನು ಬಾಗಿಲ ಪಕ್ಕ ಹೋಗಿ ನಿಂತು ಖಾಲಿ ಕೈಯನ್ನು ಹೊರಗಿನ ಹುಲ್ಲಿನ ಕಡೆ ಚಾಚಿದ.

"ಹೋಗೇ," ಎಂದ. "ಹೋಗು. ನಾನಂತೂ ಇಲ್ಲಿಂದ ಅಲ್ಲಾಡಲ್ಲ."

ಕುದುರೆ ತೆರೆದ ಬಾಗಿಲನ್ನು ದಾಟಿ, ಹೆಜ್ಜೆ ತಪ್ಪದೆ, ಇನ್ನೊಂದು ಸುತ್ತು ಹೊರಟಿತು.